ಕಲಾ ಪದವಿಯೂ ಕಾಲುವೆಯ ಗೇಟೂ

ಯಾದಗಿರಿ ಜಿಲ್ಲೆಯ ಕೊಂಕಲ್ ಕಡೆಯ ಹುಡುಗನೋ ಹುಡುಗಿಯೋ ಪಿಯುಸಿ ಮುಗಿಸಿ ಬಿ.ಎ. ಸೇರಿದರೆ ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡ ಮುಂತಾದವನ್ನು ಓದುತ್ತಾರೆ. ಇವರು ಬದುಕುತ್ತಿರುವುದು ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಸೀಮೆಯಲ್ಲಿ. ಇಲ್ಲಿನ ಬೇಸಾಯ, ಕೂಲಿ, ಗುಳೆ, ಜಗಳ, ಚುನಾವಣೆ ಎಲ್ಲವೂ ನಾರಾಯಣಪುರ ಜಲಾಶಯದ ಕಾಲುವೆಗಳ ಜೊತೆ ಹೆಣೆದುಕೊಂಡಿವೆ. ಬಸವಸಾಗರ ಎಂದು ಕರೆಯಲಾಗುವ ಆ ಅಣೆಕಟ್ಟು 1982ರಲ್ಲಿ ಮುಗಿದ ಮೇಲೆ ಸುರಪುರ, ಶಹಾಪುರ ಸೀಮೆಯ ಬದುಕೇ ಬದಲಾಯಿತು. ಊರಿನಲ್ಲಿ ಟಿ.ಸಿ. ಸುಟ್ಟರೆ ವಾರಗಟ್ಟಲೆ ಕತ್ತಲು. ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟರೆ ಮತ್ತೆ ಬೋರ್‌ವೆಲ್ ನೀರೇ ಗತಿ. ಇಷ್ಟೆಲ್ಲ ಯಂತ್ರಗಳ ನಡುವೆ ಬದುಕುವ ಈ ವಿದ್ಯಾರ್ಥಿಗಳಿಗೆ ಮೂರು ವರ್ಷದ ಪದವಿಯಲ್ಲಿ ಇವುಗಳ ಬಗ್ಗೆ ಒಂದು ಪಾಠವೂ ಇಲ್ಲ.

ಹಾಗೆಂದು ತಂತ್ರಜ್ಞಾನದ ಹೆಸರೇ ಕಲಾ ವಿಭಾಗಕ್ಕೆ ಬಂದಿಲ್ಲವೆಂದಲ್ಲ. 2021-22ರಲ್ಲಿ ದೇಶದಲ್ಲಿಯೇ ಮೊದಲಾಗಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಾಗ ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳಿಗೂ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ಕೌಶಲ ಪತ್ರಿಕೆಯೊಂದು ಬಂತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ 2024ರಲ್ಲಿ ಸರಕಾರ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿತು. ಪಠ್ಯಕ್ರಮಗಳು ಹೀಗೆ ಬರುತ್ತವೆ, ಹೋಗುತ್ತವೆ. ಆದರೆ ಇಂಜಿನಿಯರಿಂಗ್ ಓದದವರಿಗೆ ತಂತ್ರಜ್ಞಾನದ ಬಗ್ಗೆ ಏನು ಕಲಿಸಬೇಕು ಎಂಬ ಪ್ರಶ್ನೆಗೆ ನಮ್ಮ ಶಿಕ್ಷಣ ವ್ಯವಸ್ಥೆ ಕೊಟ್ಟ ಉತ್ತರವೆಂದು ಆ ಪತ್ರಿಕೆಯನ್ನು ಓದಬೇಕಾಗಿದೆ. ಯಾಕೆಂದರೆ ನಾಳೆ ಬರುವ ಪತ್ರಿಕೆಯೂ ಅದೇ ಅಚ್ಚಿನಲ್ಲಿ ಬರುವ ಸಾಧ್ಯತೆ ಹೆಚ್ಚು.

ಆ ಪಠ್ಯಕ್ರಮದ ಮೊದಲ ಭಾಗದಲ್ಲಿರುವ ಹೆಸರುಗಳನ್ನು ನೋಡಿ. ಕೃತಕ ಬುದ್ಧಿಮತ್ತೆ, ಮೆಷಿನ್ ಲರ್ನಿಂಗ್, ಬಿಗ್ ಡೇಟಾ, ಇಂಟರ್ನೆಟ್ ಆಫ್ ಥಿಂಗ್ಸ್, ಕ್ಲೌಡ್ ಕಂಪ್ಯೂಟಿಂಗ್, ಸೈಬರ್ ಸುರಕ್ಷೆ. ಕೊನೆಯ ಭಾಗದಲ್ಲಿ ಸಂವಹನ ಕೌಶಲ, ತಂಡದಲ್ಲಿ ದುಡಿಯುವುದು, ಸೃಜನಶೀಲವಾಗಿ ಸಮಸ್ಯೆ ಬಿಡಿಸುವುದು ಮುಂತಾದವು. ಎರಡು ಕ್ರೆಡಿಟ್‌ಗಳ ಒಂದು ಪತ್ರಿಕೆಯಲ್ಲಿ ಇಷ್ಟೂ! ಇದರ ಒಂದು ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಕಲಾ ವಿದ್ಯಾರ್ಥಿಗೂ ತಂತ್ರಜ್ಞಾನದ ತಿಳಿವಳಿಕೆ ಬೇಕು, ಅದು ಸೈನ್ಸ್ ಓದಿದವರ ಸ್ವತ್ತಲ್ಲ ಎಂದು ಅದು ಅಧಿಕೃತವಾಗಿ ಒಪ್ಪಿತು. ಇದು ಸಣ್ಣ ಮಾತಲ್ಲ.

ದೋಷಗಳು ಆನಂತರ ಶುರುವಾಗುತ್ತವೆ. ಮೊದಲನೆಯದು, ಈ ಪತ್ರಿಕೆಯ ಪ್ರಕಾರ ತಂತ್ರಜ್ಞಾನವೆಂದರೆ ಕಂಪ್ಯೂಟರ್ ಮಾತ್ರ. ಪಂಪ್‌ಸೆಟ್ಟು, ಸೇತುವೆ, ಒಳಚರಂಡಿ, ಅಣೆಕಟ್ಟು, ವಿದ್ಯುತ್ ಮಾರ್ಗ ಯಾವುದೂ ತಂತ್ರಜ್ಞಾನವಲ್ಲ. ಎರಡನೆಯದು, ಹೊಸದು ಮಾತ್ರ ತಂತ್ರಜ್ಞಾನ ಎಂಬ ಭಾವನೆ. ‘ಉದಯೋನ್ಮುಖ’ ಎಂಬ ವಿಶೇಷಣ ಹಚ್ಚಿದ ಕೂಡಲೇ ಇರುವುದೆಲ್ಲ ಮುಗಿದುಹೋದ ವಿಷಯವಾಗುತ್ತದೆ. ಮೂರನೆಯದು, ವಿದ್ಯಾರ್ಥಿಯನ್ನು ಅದು ನಾಳಿನ ನೌಕರನಾಗಿ, ಅಥವಾ ಇಂದಿನ ಬಳಕೆದಾರನಾಗಿ ಮಾತ್ರ ಕಾಣುತ್ತದೆ. ಪ್ರಶ್ನೆ ಕೇಳುವ ನಾಗರಿಕನಾಗಿ ಕಾಣುವುದಿಲ್ಲ. ನಾಲ್ಕನೆಯದು ಭಾಷೆ. ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗೆ ಇಂಗ್ಲಿಷ್ ಹೆಸರುಗಳ ಪಟ್ಟಿ ಮಾತ್ರ ಸಿಕ್ಕಿದರೆ ಆತ ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾನೆಯೇ ಹೊರತು ತಿಳಿದುಕೊಳ್ಳುವುದಿಲ್ಲ.

ಇದರಲ್ಲಿ ವಿಪರ್ಯಾಸವೊಂದಿದೆ. ‘ಇಂಟರ್ನೆಟ್ ಆಫ್ ಥಿಂಗ್ಸ್’ ಎಂದರೇನು ಎಂದು ಶಹಾಪುರದ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಕೇಳಿದರೆ ಆತ ನಗರದ ಮನೆಯೊಂದರಲ್ಲಿ ತಾನೇ ಉರಿಯುವ ದೀಪದ ಉದಾಹರಣೆ ಬರೆಯುತ್ತಾನೆ. ಆದರೆ ಆತನ ಜಿಲ್ಲೆಯಲ್ಲೇ, ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ, ‘ಸ್ಕಾಡಾ’ ಎಂಬ ವ್ಯವಸ್ಥೆಯ ಅಡಿಯಲ್ಲಿ ಸೌರಶಕ್ತಿಯಿಂದ ನಡೆಯುವ ಗೇಟುಗಳನ್ನು ಅಳವಡಿಸಲಾಗಿದೆ. ಅವು ಹರಿವ ನೀರನ್ನು ಅಳೆಯುತ್ತವೆ, ಅಂಕಿಗಳನ್ನು ದೂರದ ನಿಯಂತ್ರಣ ಕೊಠಡಿಗೆ ಕಳಿಸುತ್ತವೆ, ಅಲ್ಲಿಂದ ಬಂದ ಆದೇಶದಂತೆ ಏರುತ್ತವೆ, ಇಳಿಯುತ್ತವೆ. ಪಠ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಪಠ್ಯಕ್ರಮ ಸಮಿತಿಗಳಿಗೂ ಅನ್ವಯಿಸುತ್ತದೆ.

ಈ ಗೇಟು ಕಲಿಸಬಹುದಾದ್ದು ಯಂತ್ರದ ವಿಚಾರ ಮಾತ್ರವಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ರೂಪಿಸಿದ್ದು ಕಡಿಮೆ ನೀರು ಬೇಡುವ ಬೆಳೆಗಳಿಗಾಗಿ, ಹೆಚ್ಚು ಜನರಿಗೆ ತೆಳುವಾಗಿ ನೀರು ಹಂಚುವುದಕ್ಕಾಗಿ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂತು. ಅಲ್ಲಿ ನೀರು ನಿಂತು ಭೂಮಿ ಸವುಳಾಯಿತು, ಕೊನೆಯ ಭಾಗದ ಹೊಲಗಳಿಗೆ ನೀರೇ ತಲುಪದಾಯಿತು. ಕೊನೆಯ ಭಾಗದ ರೈತರು ಪ್ರತಿಭಟನೆ ಮಾಡದ ವರ್ಷವಿಲ್ಲ. ಗೇಟಿಗೆ ಕಣ್ಣು, ಕಿವಿ ಬಂದ ಮೇಲೆ ಈ ಅನ್ಯಾಯ ತಾನಾಗಿಯೇ ಸರಿಹೋಗುತ್ತದೆಯೇ? ಅಂಕಿಗಳು ಯಾರ ಬಳಿ ಇರುತ್ತವೆ? ಅವನ್ನು ಕೇಳುವ ಹಕ್ಕು ಯಾರಿಗಿದೆ? ಕೇಳಿ ಪಡೆದರೆ ಓದಲು ಯಾರಿಗೆ ಬರುತ್ತದೆ? ಇವು ಸಮಾಜಶಾಸ್ತ್ರದ ಪ್ರಶ್ನೆಗಳೂ ಹೌದು, ಇಂಜಿನಿಯರಿಂಗ್ ಪ್ರಶ್ನೆಗಳೂ ಹೌದು. ಎರಡನ್ನೂ ಒಟ್ಟಿಗೆ ಕೇಳಲು ಬಾರದವನ ಅಹವಾಲು ಕಚೇರಿಯ ಬಾಗಿಲಲ್ಲೇ ಉಳಿಯುತ್ತದೆ.

ಒಂದು ಸರಳ ಲೆಕ್ಕವನ್ನು ತೆಗೆದುಕೊಳ್ಳೋಣ. ಕನ್ನಡದ ದಿನಪತ್ರಿಕೆಗಳಲ್ಲಿ ಮಳೆಗಾಲದುದ್ದಕ್ಕೂ ಎರಡು ಶಬ್ದಗಳು ಬರುತ್ತವೆ: ಟಿಎಂಸಿ ಮತ್ತು ಕ್ಯೂಸೆಕ್. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್ ಹರಿವು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,831 ಕೋಟಿ ಲೀಟರ್. ಒಂದು ಹರಿವಿನ ಅಳತೆ, ಇನ್ನೊಂದು ಸಂಗ್ರಹದ ಅಳತೆ. ಕಾಲುವೆಯಲ್ಲಿ 1,000 ಕ್ಯೂಸೆಕ್ ಹರಿಯುತ್ತಿದ್ದರೆ ಒಂದು ಟಿಎಂಸಿ ಆಗಲು ಹನ್ನೊಂದೂವರೆ ದಿನ ಬೇಕು. ಇದಕ್ಕೆ ಗುಣಾಕಾರ, ಭಾಗಾಕಾರ ಬಿಟ್ಟರೆ ಬೇರೆ ಗಣಿತ ಬೇಡ. ಆದರೂ ನೀರಿನ ರಾಜಕೀಯವನ್ನು ರಾಜ್ಯಶಾಸ್ತ್ರದಲ್ಲಿ ಓದುವ ಎಷ್ಟು ಮಂದಿ ವಿದ್ಯಾರ್ಥಿಗಳಿಗೆ ಈ ಲೆಕ್ಕ ಹಾಕಿಸಲಾಗಿದೆ? ರಾಜಕಾರಣಿಯೊಬ್ಬ ವೇದಿಕೆಯಲ್ಲಿ ಇಷ್ಟು ಟಿಎಂಸಿ ನೀರು ಬಿಡಿಸಿದ್ದೇನೆ ಎಂದಾಗ ಎಷ್ಟು ದಿನ, ಯಾವ ಕಾಲುವೆಯಲ್ಲಿ ಎಂದು ಕೇಳುವವರು ಬೇಕಲ್ಲ?

ಇನ್ನೊಂದು ಉದಾಹರಣೆ ಹೆಚ್ಚು ಕಠೋರವಾದದ್ದು. ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ವಿಷ ಇದ್ದುದು ಬೆಳಕಿಗೆ ಬಂದು, ಅಲ್ಲಿನ ಜನರ ಚರ್ಮರೋಗ ಮತ್ತು ಸಾವುನೋವುಗಳ ಬಗ್ಗೆ ವರದಿಗಳು ಬಂದವು. ಆರ್ಸೆನಿಕ್ ಇರುವ ನೀರು ತಿಳಿಯಾಗಿಯೇ ಇರುತ್ತದೆ, ರುಚಿಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ, ಬದಲಿಗೆ ನೀರು ಆವಿಯಾದಷ್ಟೂ ವಿಷ ಗಟ್ಟಿಯಾಗುತ್ತದೆ. ಫಿಲ್ಟರ್ ಮಾರುವವನು ಪೆನ್ನಿನಂಥ ಟಿಡಿಎಸ್ ಮೀಟರನ್ನು ನೀರಿಗೆ ಅದ್ದಿ ಅಂಕಿ ತೋರಿಸಿ ನೀರು ಶುದ್ಧವಾಗಿದೆ ಎನ್ನುತ್ತಾನೆ. ಆ ಮೀಟರು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಅದರಿಂದ ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜು ಮಾಡುತ್ತದೆ. ಲೀಟರಿಗೆ 500 ಮಿಲಿಗ್ರಾಂ ಲವಣಗಳಿರುವ ನೀರಿನಲ್ಲಿ ಆರ್ಸೆನಿಕ್ 0.05 ಮಿಲಿಗ್ರಾಂ ಇದ್ದರೆ ಆ ಮೀಟರಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಭಾರತೀಯ ಮಾನಕದ ಮಿತಿ 0.01 ಮಿಲಿಗ್ರಾಂ, ಅಂದರೆ ಆ ನೀರಿನಲ್ಲಿ ಮಿತಿಯ ಐದು ಪಟ್ಟು ವಿಷವಿದೆ. ಯಾವ ಉಪಕರಣ ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯುವುದಿಲ್ಲ ಎಂಬ ಈ ಒಂದು ತಿಳಿವಳಿಕೆ ಜೀವ ಉಳಿಸಬಲ್ಲದು. ತಂತ್ರಜ್ಞಾನದ ಸಾಕ್ಷರತೆ ಎಂದು ಕರೆಯಬೇಕಾದುದು ಇದನ್ನು. ರಿಪೇರಿ ಮಾಡಲು ಬರಬೇಕೆಂದಿಲ್ಲ. ವಸ್ತು ಹೇಗೆ ನಡೆಯುತ್ತದೆ, ಎಲ್ಲಿ ಸೋಲುತ್ತದೆ, ಸೋತರೆ ಯಾರು ನರಳುತ್ತಾರೆ ಎಂದು ತಿಳಿದಿರಬೇಕು.

ಕಲಾ ವಿಷಯಗಳ ಒಳಗೆ ಇದಕ್ಕೆ ಜಾಗವಿಲ್ಲ ಎನ್ನುವವರು ಇತಿಹಾಸದ ಪಠ್ಯವನ್ನೇ ತೆರೆದು ನೋಡಬಹುದು. ವಿಜಯಪುರದ ಗೋಳಗುಮ್ಮಟದ ಬಗ್ಗೆ ನಮ್ಮ ವಿದ್ಯಾರ್ಥಿಗಳು ಕಲಿಯುವುದೇನು? ಮುಹಮ್ಮದ್ ಆದಿಲ್ ಶಾಹನ ಸಮಾಧಿ, 1656ರ ಹೊತ್ತಿಗೆ ಮುಗಿಯಿತು, ಪಿಸುಮಾತಿನ ಗ್ಯಾಲರಿ ಇದೆ. ಇಷ್ಟೇ. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟವನ್ನು ನಡುವೆ ಒಂದೂ ಕಂಬವಿಲ್ಲದೆ ಚೌಕಾಕಾರದ ಕೋಣೆಯ ಮೇಲೆ ಕೂರಿಸಿದ್ದು ಹೇಗೆ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಒಂದರೊಳಗೊಂದು ತಿರುಗಿಸಿಟ್ಟ ಎರಡು ಚೌಕಗಳಂತೆ ಎಂಟು ಕಮಾನುಗಳು ಪರಸ್ಪರ ಹಾಯ್ದುಹೋಗಿ, ಚೌಕವನ್ನು ಮೇಲೆ ವೃತ್ತವಾಗಿ ಮಾರ್ಪಡಿಸುತ್ತವೆ. ಗುಮ್ಮಟವು ಗೋಡೆಗಳನ್ನು ಹೊರಕ್ಕೆ ತಳ್ಳುವ ಒತ್ತಡವನ್ನು ಒಳಕ್ಕೆ ಚಾಚಿದ ಆ ಕಮಾನುಗಳ ರಾಶಿಯ ಭಾರವೇ ತಡೆಯುತ್ತದೆ. ಇದನ್ನು ಹೇಳದೆ ಗೋಳಗುಮ್ಮಟವನ್ನು ಕಲಿಸುವುದೆಂದರೆ ಕಾವ್ಯವನ್ನು ಓದಿಸದೆ ಕವಿಯ ಜನ್ಮದಿನಾಂಕ ಹೇಳಿದಂತೆ. ಇದರಿಂದ ಇನ್ನೊಂದು ನಷ್ಟವೂ ಇದೆ. ಕಟ್ಟಡವು ಸುಲ್ತಾನನ ವೈಭವವಾಗಿ ಮಾತ್ರ ಉಳಿದಾಗ ಅದು ಹೊಗಳಿಕೆಗೋ ದ್ವೇಷಕ್ಕೋ ಬಳಕೆಯಾಗುತ್ತದೆ. ಕಲ್ಲು, ಗಾರೆ, ಕಮಾನುಗಳ ಲೆಕ್ಕ ಬಲ್ಲ ಕುಶಲಕರ್ಮಿಗಳ ಸಾಧನೆಯಾಗಿ ಕಂಡಾಗ ಅದು ಎಲ್ಲರ ಆಸ್ತಿಯಾಗುತ್ತದೆ.

ಸುರಪುರದ್ದೇ ಒಂದು ಚರಿತ್ರೆಯಿದೆ. 1840ರ ದಶಕದ ಆರಂಭದಿಂದ 1853ರವರೆಗೆ ಇಲ್ಲಿ ಆಡಳಿತಾಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಕಾದಂಬರಿಕಾರ. ಇಲ್ಲಿಗೆ ಬರುವ ಮೊದಲೇ 1839ರಲ್ಲಿ ಠಕ್ಕರ ಕುರಿತ ಆತನ ಕಾದಂಬರಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿತ್ತು. ಯಾವ ಇಂಜಿನಿಯರಿಂಗ್ ಶಾಲೆಯಲ್ಲಿಯೂ ಓದದ ಆತ ಭೂಮಾಪನವನ್ನು ಸ್ವಂತವಾಗಿ ಕಲಿತು ರಸ್ತೆ, ಕೆರೆಗಳ ಕೆಲಸ ಮಾಡಿಸಿದ, ಈ ಸೀಮೆಯ ಬೃಹತ್ ಶಿಲಾ ಸಮಾಧಿಗಳನ್ನು ಅಳೆದು ದಾಖಲಿಸಿದ. ವಸಾಹತುಶಾಹಿಯ ಅಧಿಕಾರಿಯನ್ನು ಆದರ್ಶವಾಗಿ ನಿಲ್ಲಿಸುವುದು ಇಲ್ಲಿನ ಉದ್ದೇಶವಲ್ಲ. ಆತನಿಗಿದ್ದ ಅಧಿಕಾರ, ಅವಕಾಶಗಳು ಬೇರೆ. ಆದರೆ ಸಾಹಿತ್ಯ ಬಲ್ಲವನಿಗೆ ಕೆರೆಯ ಏರಿಯ ಲೆಕ್ಕ ದಕ್ಕುವುದಿಲ್ಲ ಎಂಬ ನಂಬಿಕೆ ಸುಳ್ಳೆಂಬುದಕ್ಕೆ ಪುರಾವೆ ನಮ್ಮ ಊರಿನಲ್ಲೇ ಇದೆ. ಟೇಲರನನ್ನು ಟೇಲರ್ ಮಂಜಿಲ್‌ನ ಚಿತ್ರಕ್ಕೆ ಸೀಮಿತಗೊಳಿಸಿದ್ದು ನಾವು.

ಹಿಂದೆ ಪ್ರಯತ್ನಗಳೇ ನಡೆದಿಲ್ಲವೆಂದೂ ಅಲ್ಲ. 1937ರ ವಾರ್ಧಾ ಸಮ್ಮೇಳನದ ನಂತರ ಗಾಂಧೀಜಿಯವರ ನಯೀ ತಾಲೀಮಿಗೆ ಪಠ್ಯರೂಪ ಕೊಟ್ಟ ಸಮಿತಿಯ ಅಧ್ಯಕ್ಷರು ಡಾ. ಝಾಕಿರ್ ಹುಸೇನ್. ಕಸುಬಿನ ಮೂಲಕ ಗಣಿತ, ವಿಜ್ಞಾನ, ಸಮಾಜವನ್ನು ಕಲಿಸಬೇಕೆಂಬುದು ಅದರ ತಿರುಳು. ಆರ್ಥಿಕ ಲಾಭಕ್ಕೆ ಒತ್ತು ಬಿದ್ದು ಶೈಕ್ಷಣಿಕ ಉದ್ದೇಶ ಬಲಿಯಾಗುವ ಅಪಾಯವಿದೆ ಎಂದು ಆ ಸಮಿತಿಯೇ ಎಚ್ಚರಿಸಿತ್ತು. ಆಮೇಲೆ ಆದದ್ದು ಅದೇ. ಕೊಠಾರಿ ಆಯೋಗದ ಕಾರ್ಯಾನುಭವ, 1977ರ ಈಶ್ವರಭಾಯಿ ಪಟೇಲ್ ಸಮಿತಿಯ ಎಸ್‌ಯುಪಿಡಬ್ಲ್ಯು ಎಲ್ಲವೂ ಕೊನೆಗೆ ಬಹುತೇಕ ಶಾಲೆಗಳಲ್ಲಿ ಅಂಕಪಟ್ಟಿಯ ಒಂದು ಸಾಲಾಗಿ ಉಳಿದವು. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಹಳ್ಳಿಯ ಮಕ್ಕಳು ತಾವೇ ಪ್ರಯೋಗ ಮಾಡಿ ಕಲಿಯಬಲ್ಲರೆಂದು ಮೂವತ್ತು ವರ್ಷ ತೋರಿಸಿತು. 2002ರಲ್ಲಿ ಸರಕಾರ ಅದನ್ನು ನಿಲ್ಲಿಸಿತು. ಕನ್ನಡದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ‘ವಿಜ್ಞಾನ’ ಪತ್ರಿಕೆ ತಂದರು, ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ವನ್ನು ರಚಿಸಿದರು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಹಳ್ಳಿ ಶಾಲೆಗಳಿಗೂ ತಲುಪಿತು. ಕನ್ನಡದಲ್ಲಿ ಇವನ್ನೆಲ್ಲ ಹೇಳಲಾಗದು ಎಂಬ ನೆಪಕ್ಕೆ ನೂರು ವರ್ಷದ ಹಿಂದೆಯೇ ಉತ್ತರ ಸಿಕ್ಕಿದೆ.

ಹೊರದೇಶದ ಒಂದು ಅನುಭವವನ್ನೂ ಇಲ್ಲಿ ನೆನೆಯಬಹುದು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಇಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಡೇವಿಡ್ ಬಿಲ್ಲಿಂಗ್ಟನ್ ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಸೂತ್ರಗಳನ್ನು ಕಲಿಸುತ್ತಿದ್ದಾಗ ಅವರು ಬೇಸರಗೊಂಡು, ಸ್ವಿಟ್ಜರ್‌ಲೆಂಡಿನ ರಾಬರ್ಟ್ ಮೈಯ್ಯಾರ್ ಕಟ್ಟಿದ ಸೇತುವೆಗಳ ಚಿತ್ರ ತೋರಿಸಿ ‘ಇವನ್ನು ಯಾಕೆ ಕಲಿಸುವುದಿಲ್ಲ?’ ಎಂದು ಕೇಳಿದರಂತೆ. ಅಲ್ಲಿಂದ ಶುರುವಾದ ಹುಡುಕಾಟದ ಫಲವಾಗಿ 1974ರಲ್ಲಿ ಅವರು ಎಲ್ಲ ವಿಭಾಗದ ವಿದ್ಯಾರ್ಥಿಗಳೂ ಓದಬಹುದಾದ ಪಾಠವೊಂದನ್ನು ರೂಪಿಸಿದರು. ಒಂದು ಸೇತುವೆಯನ್ನು ಮೂರು ಕಡೆಯಿಂದ ನೋಡಬೇಕೆಂದರು: ಕಡಿಮೆ ಸಾಮಗ್ರಿಯಲ್ಲಿ ಭಾರ ಹೊತ್ತಿದೆಯೇ, ಸಮಾಜಕ್ಕೆ ಅದರ ಖರ್ಚೆಷ್ಟು, ನೋಡಲು ಚೆಲುವಾಗಿದೆಯೇ. ನಾವು ಇದನ್ನು ನಕಲು ಮಾಡಬೇಕಿಲ್ಲ. ಚೆಲುವಿಗೆ ಮೊದಲು ‘ನೀರು ಕೊನೆಯ ಹೊಲ ಮುಟ್ಟಿತೇ’ ಎಂಬ ಪ್ರಶ್ನೆ ನಮಗೆ ಬೇಕು. ಆದರೆ ತಂತ್ರಜ್ಞಾನವನ್ನೂ ಕಾವ್ಯದಂತೆ ವಿಮರ್ಶೆಗೆ ಒಡ್ಡಬಹುದು ಎಂಬ ಅವರ ಅರಿವು ಕಲಿಯುವಂಥದ್ದು.

ಈ ಚರ್ಚೆ ಮುಸ್ಲಿಂ ಸಮುದಾಯಕ್ಕೆ ಹೆಚ್ಚು ಹತ್ತಿರದ್ದು. ಕಲ್ಯಾಣ ಕರ್ನಾಟಕದ ಯಾವ ಪೇಟೆಗೆ ಹೋದರೂ ಮೋಟರ್ ವೈಂಡಿಂಗ್, ವೆಲ್ಡಿಂಗ್, ಪಂಕ್ಚರ್, ಗ್ಯಾರೇಜ್ ಅಂಗಡಿಗಳಲ್ಲಿ ಮುಸ್ಲಿಂ ಮಿಸ್ತ್ರಿಗಳು ದುಡಿಯುತ್ತಾರೆ. ಬಡಿಗ, ಕಮ್ಮಾರ, ಕುಂಬಾರ ಸಮುದಾಯಗಳಂತೆಯೇ ಇವರದೂ ಕೈಯ ಅರಿವು. ಮೋಟರಿನ ಸದ್ದು ಕೇಳಿಯೇ ಮೂರು ಫೇಸಿನಲ್ಲಿ ಒಂದು ಹೋಗಿದೆ ಎಂದು ಹೇಳಬಲ್ಲ ಮಿಸ್ತ್ರಿಯ ಮಗ ಕಾಲೇಜಿಗೆ ಬಂದಾಗ ಆ ಅರಿವಿಗೆ ತರಗತಿಯಲ್ಲಿ ಬೆಲೆಯಿಲ್ಲ. ಸೈನ್ಸ್ ಟ್ಯೂಷನ್ನಿಗೆ ದುಡ್ಡಿಲ್ಲದೆ ಬಿ.ಎ. ಸೇರಿದ ಆತ ಅಪ್ಪನ ಕಸುಬನ್ನು ಹೇಳಲು ನಾಚುತ್ತಾನೆ. ಇತ್ತ ನಮ್ಮ ಸಭೆಗಳಲ್ಲಿ ಅಲ್ ಜಝರಿ 1206ರಲ್ಲಿ ಯಂತ್ರಗಳ ಬಗ್ಗೆ ಗ್ರಂಥ ಬರೆದ, ಬನೂ ಮೂಸಾ ಸಹೋದರರು ಬಾಗ್ದಾದಿನಲ್ಲಿ ಹೀಗೆ ಮಾಡಿದರು ಎಂದು ಭಾಷಣಗಳಾಗುತ್ತವೆ. ಅವೆಲ್ಲ ನಿಜವೇ. ಆದರೆ ಅಲ್ ಜಝರಿಯ ಹಿರಿಮೆ ಇದ್ದುದು ಯಂತ್ರವನ್ನು ಸ್ವತಃ ಕಟ್ಟಿ, ಇನ್ನೊಬ್ಬರು ಕಟ್ಟಬಲ್ಲಂತೆ ಬಿಡಿಬಿಡಿಯಾಗಿ ವಿವರಿಸಿದ್ದರಲ್ಲಿ. ಆತನ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವ ನಾವು ನಮ್ಮ ಬೀದಿಯ ವೈಂಡಿಂಗ್ ಮಿಸ್ತ್ರಿಯನ್ನು ಆ ಪರಂಪರೆಗೆ ಸೇರಿಸುವುದಿಲ್ಲ. ಮಗ ಇಂಜಿನಿಯರ್ ಆದರೆ ಹೆಮ್ಮೆ, ಮಿಸ್ತ್ರಿಯಾದರೆ ಸಂಕೋಚ ಎಂಬ ಈ ಮನೋಭಾವವೂ ಒಂದು ಬಗೆಯ ಜಾತಿಭೇದವೇ.

ಹೆಣ್ಣುಮಕ್ಕಳ ವಿಚಾರ ಇನ್ನೂ ಮುಖ್ಯ. ಮನೆಯಲ್ಲಿ ಗ್ಯಾಸು, ಹೀಟರು, ಮಿಕ್ಸಿ, ವಾಷಿಂಗ್ ಮೆಷಿನ್ ಬಳಸುವವರು ಅವರು. ಒದ್ದೆ ಕೈಯಲ್ಲಿ ಶಾಕ್ ಹೊಡೆಸಿಕೊಳ್ಳುವವರೂ ಅವರೇ. ಮನೆಯ ಫ್ಯೂಸು ಆಂಪಿಯರ್‌ಗಟ್ಟಲೆ ವಿದ್ಯುತ್ ಹರಿದಾಗ ಮಾತ್ರ ಹೋಗುತ್ತದೆ. ಮನುಷ್ಯನ ಜೀವ ತೆಗೆಯಲು ಅದರ ಸಣ್ಣ ಭಾಗ ಸಾಕು. ಅದಕ್ಕೆಂದೇ 30 ಮಿಲಿಆಂಪಿಯರ್ ಸೋರಿಕೆಗೇ ಕಡಿತಗೊಳ್ಳುವ ಸ್ವಿಚ್ಚು ಬೇರೆ ಇದೆ, ಅರ್ಥಿಂಗ್ ಸರಿಯಾಗಿರಬೇಕು ಎಂಬುದು ಯಾವ ಬಿ.ಎ. ಪಠ್ಯದಲ್ಲಿಯೂ ಇಲ್ಲ. ಇದ್ದಿದ್ದರೆ ಆ ಪಾಠ ಕಾಲೇಜಿನಿಂದ ಮನೆಗೆ ಹೋಗುತ್ತಿತ್ತು.

ಆಕ್ಷೇಪಣೆಗಳು ಇರುತ್ತವೆ. ಕಲಾ ವಿದ್ಯಾರ್ಥಿಗಳಿಗೆ ಇನ್ನೊಂದು ಹೊರೆ ಯಾಕೆ, ಕಲಿಸುವವರು ಯಾರು ಎಂದು ಕೇಳಬಹುದು. ಸುಪ್ರೀಂ ಕೋರ್ಟಿನ 1991ರ ಆದೇಶದ ಬಲದಿಂದ ಪರಿಸರ ಅಧ್ಯಯನ ಎಲ್ಲ ಪದವಿಗಳೊಳಗೂ ಬಂತು. ಬಂದರೂ ಗೈಡುಗಳಲ್ಲಿ ಕಳೆದುಹೋಯಿತು. ಇನ್ನೊಂದು ಅಂಥದೇ ಪತ್ರಿಕೆ ಬೇಕೇ ಎಂಬ ಅನುಮಾನ ನ್ಯಾಯವಾದದ್ದು. ಆದ್ದರಿಂದಲೇ ಗೈಡಿನಿಂದ ಉತ್ತರಿಸಲಾಗದ ಪಾಠ ಬೇಕು. ಒಂದು ಸೆಮಿಸ್ಟರಿನಲ್ಲಿ ವಿದ್ಯಾರ್ಥಿ ತನ್ನ ಊರಿನ ಒಂದೇ ಒಂದು ವ್ಯವಸ್ಥೆಯನ್ನು ಆರಿಸಿಕೊಳ್ಳಲಿ: ವಿತರಣಾ ಕಾಲುವೆ, ಟಿ.ಸಿ., ನೀರಿನ ಘಟಕ, ಬಸ್ ನಿಲ್ದಾಣದ ಚರಂಡಿ, ಹಳೆಯ ಬಾವಿ ಯಾವುದಾದರೂ ಸರಿ. ಅದು ಹೇಗೆ ನಡೆಯುತ್ತದೆ, ಅಂದಾಜು ಪಟ್ಟಿಯಲ್ಲಿ ಏನಿತ್ತು, ಎಷ್ಟು ಸಲ ಕೆಟ್ಟಿತು, ಯಾಕೆ ಕೆಟ್ಟಿತು, ಕೆಟ್ಟಾಗ ಯಾರಿಗೆ ತೊಂದರೆಯಾಯಿತು ಎಂದು ಇಪ್ಪತ್ತು ಪುಟ ಕನ್ನಡದಲ್ಲಿ ಬರೆಯಲಿ. ಕಲಿಸಲು ಹತ್ತಿರದ ಪಾಲಿಟೆಕ್ನಿಕ್, ಐಟಿಐಗಳ ಅಧ್ಯಾಪಕರು ಬರಲಿ, ಅವರ ಜೊತೆಗೆ ಲೈನ್‌ಮನ್ ಮತ್ತು ಮಿಸ್ತ್ರಿಯೂ ಗೌರವಧನ ಪಡೆದು ಬರಲಿ. ಅಗತ್ಯ ಗಣಿತ ಬಂದಲ್ಲಿ ಕಲಿಸಿದರಾಯಿತು. ಪೈಪಿನ ವ್ಯಾಸ ಅರ್ಧಕ್ಕಿಳಿಸಿ ಅಷ್ಟೇ ನೀರು ಹರಿಸಲು ಹೋದರೆ ಘರ್ಷಣೆಯ ನಷ್ಟ ಸುಮಾರು 32 ಪಟ್ಟಾಗುತ್ತದೆ ಎಂಬುದನ್ನು ತಿಳಿಯಲು ಕ್ಯಾಲ್ಕುಲಸ್ ಬೇಡ. ಸಣ್ಣ ಪೈಪ್ ಹಾಕಿ ಬಿಲ್ ಎತ್ತಿದ ಗುತ್ತಿಗೆದಾರನನ್ನು ಹಿಡಿಯಲು ಅಷ್ಟು ಸಾಕು.

ಇದೇ ವಿಷಯದ ಮರ್ಮ. ಇಂದು ಬಿ.ಎ. ಓದುವವರೇ ನಾಳೆ ಶಿಕ್ಷಕರು, ಪಿಡಿಒಗಳು, ಪತ್ರಕರ್ತರು, ಗ್ರಾಮ ಪಂಚಾಯತಿ ಸದಸ್ಯರು. ಇಂಜಿನಿಯರ್ ತಯಾರಿಸಿದ ಅಂದಾಜು ಪಟ್ಟಿಗೆ ಒಪ್ಪಿಗೆ ನೀಡುವವರು, ಕಾಮಗಾರಿಯ ಬಗ್ಗೆ ವರದಿ ಬರೆಯುವವರು ಇವರು. ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದನ್ನು ನಾವು ಅನಕ್ಷರತೆ ಎನ್ನುತ್ತೇವೆ. ಅರ್ಥವಾಗದ ಅಂದಾಜು ಪಟ್ಟಿಗೆ ಸಹಿ ಹಾಕುವ ಪದವೀಧರನನ್ನು ಏನೆನ್ನಬೇಕು? ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಂವಿಧಾನ ಮತ್ತು ಕನ್ನಡವನ್ನು ಕಡ್ಡಾಯ ಮಾಡಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಒಳ್ಳೆಯ ಕೆಲಸ ಮಾಡಿದೆ. ಸಂವಿಧಾನವನ್ನು ಓದುವ ಕಲಾ ವಿದ್ಯಾರ್ಥಿಗಳಿಗೆ ಕಾಲುವೆಯ ಗೇಟನ್ನು ಓದುವುದನ್ನೂ ಕಲಿಸುವ ಕೆಲಸ ಬಾಕಿ ಇದೆ. ಹೊಸ ಪಠ್ಯಕ್ರಮ ರೂಪಿಸುವವರು ಬೆಂಗಳೂರಿನಲ್ಲಿ ಕೂತು ಉದಯೋನ್ಮುಖ ತಂತ್ರಜ್ಞಾನಗಳ ಪಟ್ಟಿ ಮಾಡುವ ಮುನ್ನ ಶಹಾಪುರ ಶಾಖಾ ಕಾಲುವೆಯ ಕೊನೆಯ ತೂಬಿನವರೆಗೆ ಒಮ್ಮೆ ನಡೆದು ಬರಲಿ. ಎರಡು ಕ್ರೆಡಿಟ್‌ಗೆ ಬೇಕಾದಷ್ಟು ಪಾಠ ಆ ದಾರಿಯಲ್ಲೇ ಇದೆ.